ಮಕ್ಕಳ ರಕ್ಷಣಾ ಘಟಕದಲ್ಲಿ ದುಡಿಯುವವರು ಸಂಬಳ, ತರಬೇತಿ, ಕೆಲಸದ ಹೊರೆ ಸರಿ ಮಾಡಿಸಿಕೊಳ್ಳುವುದು ಹೇಗೆ

ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ಮಕ್ಕಳ ರಕ್ಷಣಾ ಘಟಕದ ಸಾಮಾಜಿಕ ಕಾರ್ಯಕರ್ತರಾಗಿ, ಔಟ್‌ರೀಚ್ ಕಾರ್ಯಕರ್ತರಾಗಿ ಓಡಾಡುತ್ತಿರುವ ಅಕ್ಕ ತಂಗಿಯರಿಗೆ, ಅಣ್ಣ ತಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ನಾನೂ ನಿಮ್ಮವಳೇ. ಔಟ್‌ರೀಚ್ ಕೆಲಸಕ್ಕೆ ಸೇರಿ, ಆಮೇಲೆ ಸಾಮಾಜಿಕ ಕಾರ್ಯಕರ್ತೆ ಆದವಳು. ಜಿಲ್ಲೆ ಯಾವುದು ಅಂತ ಹೇಳುವುದು ಬೇಡ, ಮಾತು ಮೂರಕ್ಕೂ ಸೇರಿದ್ದು.

ಗೌರವಧನ ತಡ ಆಗುವುದು, ಓಡಾಟದ ಖರ್ಚು ಕೈಯಿಂದ ಹೋಗುವುದು, ತರಬೇತಿ ಇಲ್ಲದೆ ನೇರ ಮಗುವಿನ ಮುಂದೆ ಕೂರಿಸುವುದು, ರಾತ್ರಿ ಹತ್ತಕ್ಕೆ ಫೋನು. ಇದೆಲ್ಲ ನಮಗೆ ಬಾಯಿಪಾಠ. ಆದರೆ ಇದನ್ನು ನಾವು ಮಾತಾಡುವುದು ಚಹಾದಂಗಡಿಯಲ್ಲಿ, ಇಲ್ಲ ವಾಟ್ಸ್‌ಆಪ್ ಗುಂಪಿನಲ್ಲಿ. ಟಪಾಲು ಶಾಖೆಯವರೆಗೆ ಹೋಗುವುದೇ ಇಲ್ಲ. ಹೋದರೂ "ನಮಗೆ ತುಂಬಾ ಕೆಲಸದ ಒತ್ತಡ ಇದೆ, ದಯವಿಟ್ಟು ಪರಿಶೀಲಿಸಿ" ಅಂತ ಎರಡು ಸಾಲು ಹೋಗುತ್ತದೆ. ಆ ಸಾಲನ್ನು ಎಲ್ಲ ಇಲಾಖೆಯವರೂ ಬರೆಯುತ್ತಾರೆ.

ಇಷ್ಟು ವರ್ಷದಲ್ಲಿ ನಾನು ಗಟ್ಟಿಯಾಗಿ ನಂಬಿದ್ದು ಒಂದೇ ಮಾತು. ಕಷ್ಟ ಹೇಳಿಕೊಂಡರೆ ಸಾಹೇಬರು ಕೇಳಿಸಿಕೊಳ್ಳುತ್ತಾರೆ, ತಾಸಿನ ಲೆಕ್ಕ ಕೊಟ್ಟರೆ ಕಡತ ಏಳುತ್ತದೆ. ಹೊಸ ಹುದ್ದೆ ಕೇಳಲಿಕ್ಕೂ, ಸಂಬಳ ಕೇಳಲಿಕ್ಕೂ, ತರಬೇತಿ ಕೇಳಲಿಕ್ಕೂ ಅದೇ ಲೆಕ್ಕ ಬೇಕು.

ಮೊದಲು ನಿಮ್ಮ ಆದೇಶದ ಪ್ರತಿ ತೆಗೆದು ಓದಿ

ನಮ್ಮಲ್ಲಿ ಎಷ್ಟೋ ಜನ ನೇಮಕಾತಿ ಆದೇಶವನ್ನು ಸೇರಿದ ದಿನ ನೋಡಿದ್ದು ಬಿಟ್ಟರೆ ಮತ್ತೆ ತೆರೆದಿಲ್ಲ. ಈಗ ತೆರೆಯಿರಿ. ಗುತ್ತಿಗೆ ನೇರವಾಗಿ ಮಕ್ಕಳ ರಕ್ಷಣಾ ಸೊಸೈಟಿಯ ಜೊತೆಗಿದೆಯೋ, ಹೊರಗುತ್ತಿಗೆ ಏಜೆನ್ಸಿಯ ಮೂಲಕ ಇದೆಯೋ ನೋಡಿ. ಮುಂದಿನ ದಾರಿ ಅದರ ಮೇಲೆ ನಿಂತಿದೆ.

2022ರಲ್ಲಿ ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದ ಮಾರ್ಗಸೂಚಿ ಬಂತು. ಅದರ ಪ್ರಕಾರ ತಿಂಗಳಿಗೆ ಸಾಮಾಜಿಕ ಕಾರ್ಯಕರ್ತರಿಗೆ 18,536 ರೂಪಾಯಿ, ಔಟ್‌ರೀಚ್ ಕಾರ್ಯಕರ್ತರಿಗೆ 10,592 ರೂಪಾಯಿ, ಆಪ್ತ ಸಮಾಲೋಚಕರಿಗೆ 18,536, ರಕ್ಷಣಾಧಿಕಾರಿಗೆ 27,804. ಅದಕ್ಕೂ ಮುಂಚೆ ಐಸಿಪಿಎಸ್ ಅನ್ನುವ ಹಳೆಯ ಯೋಜನೆಯ ಕಾಲದಲ್ಲಿ ಸಾಮಾಜಿಕ ಕಾರ್ಯಕರ್ತರಿಗೆ 14,000, ಔಟ್‌ರೀಚ್‌ಗೆ 8,000 ಇತ್ತು. ಇದು ಒಟ್ಟು ಮೊತ್ತ. ಬೆಲೆ ಏರಿದ ಹಾಗೆ ಏರುವ ತುಟ್ಟಿಭತ್ಯೆ ಇದರಲ್ಲಿಲ್ಲ. ಖರ್ಚನ್ನು ಕೇಂದ್ರ ಮತ್ತು ರಾಜ್ಯ 60:40ರಲ್ಲಿ ಹಂಚಿಕೊಳ್ಳುತ್ತವೆ. ಹಾಗಾಗಿ "ದಿಲ್ಲಿಯವರು ಕೊಡಬೇಕು, ನಮ್ಮ ಕೈಲಿ ಏನೂ ಇಲ್ಲ" ಅನ್ನುವ ಉತ್ತರ ಅರ್ಧ ಮಾತ್ರ ಸರಿ. ರಾಜ್ಯ ಮನಸ್ಸು ಮಾಡಿದರೆ ತನ್ನ ಬಜೆಟ್‌ನಿಂದ ಮೇಲೆ ಸೇರಿಸಿ ಕೊಡಬಹುದು. ಅದನ್ನು ಕೇಳುವುದು ತಪ್ಪಲ್ಲ.

ಏಜೆನ್ಸಿ ಮೂಲಕ ಇರುವವರು ಬ್ಯಾಂಕ್ ಪಾಸ್‌ಬುಕ್ ಪಕ್ಕ ಸಂಬಳ ಚೀಟಿ ಇಟ್ಟು ನೋಡಿ. ಚೀಟಿ ಕೊಡುವುದಿಲ್ಲ ಅಂದರೆ ಬರೆದು ಕೇಳಿ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವ್ಯಾಪ್ತಿ ತಿಂಗಳಿಗೆ 21,000 ರೂಪಾಯಿ ಸಂಬಳದವರೆಗೆ. ನೌಕರರ ಪಾಲು ಶೇ 0.75, ಮಾಲೀಕರದ್ದು ಶೇ 3.25. ಅಂದರೆ 18,536ರ ಮೇಲೆ ನಮ್ಮಿಂದ ಹೋಗಬೇಕಾದದ್ದು ಸುಮಾರು 139 ರೂಪಾಯಿ. ಅದಕ್ಕಿಂತ ಜಾಸ್ತಿ ಹೋಗುತ್ತಿದ್ದರೆ ಮಾಲೀಕರ ಪಾಲನ್ನೂ ನಮ್ಮ ಸಂಬಳದಲ್ಲೇ ಮುರಿಯುತ್ತಿದ್ದಾರೆ ಅಂತ ಅರ್ಥ. ಹಾಗೆ ಮುರಿಯುವಂತಿಲ್ಲ. ಪಿಎಫ್‌ಗೂ ಅದೇ ನಿಯಮ. ಯುಎಎನ್ ನಂಬರ್ ತೆಗೆದುಕೊಂಡು ಪಿಎಫ್ ಪಾಸ್‌ಬುಕ್ ನೀವೇ ನೋಡಿ, ಕಡಿತ ಆದ ಹಣ ಖಾತೆಗೆ ಬಿದ್ದಿದೆಯಾ ಅಂತ. ಕರ್ನಾಟಕದಲ್ಲಿ 25,000ಕ್ಕಿಂತ ಕಡಿಮೆ ಸಂಬಳಕ್ಕೆ ವೃತ್ತಿ ತೆರಿಗೆ ಇಲ್ಲ, ಅದನ್ನೂ ಹಿಡಿದಿದ್ದರೆ ಕೇಳಿ.

ಇಎಸ್‌ಐ ಕಡಿತ ಆಗುತ್ತಿದ್ದರೆ ಕಾರ್ಡ್ ಮಾಡಿಸಿಕೊಳ್ಳಿ. ಕಲಬುರಗಿಯಲ್ಲಿ ಸೇಡಂ ರಸ್ತೆಯಲ್ಲೇ ಇಎಸ್‌ಐ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ತಿಂಗಳಾ ತಿಂಗಳಾ ದುಡ್ಡು ಕಟ್ಟಿಯೂ ಮಗುವಿಗೆ ಜ್ವರ ಬಂದರೆ ಖಾಸಗಿ ದವಾಖಾನೆಗೆ ಹೋಗುವ ಗೆಳತಿಯರು ನನಗೆ ಗೊತ್ತು. ಕಾರ್ಡ್ ಇದೆ ಅನ್ನುವುದೇ ಅವರಿಗೆ ಯಾರೂ ಹೇಳಿರಲಿಲ್ಲ.

ತಾಸಿನ ಡೈರಿ

ಇಡೀ ಬರಹದಲ್ಲಿ ಇದೊಂದನ್ನೇ ನೀವು ಮಾಡಿದರೂ ಸಾಕು.

ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನಾಂಕ, ಕೇಸ್ ನಂಬರ್, ಊರು, ಮನೆ ಬಿಟ್ಟ ಹೊತ್ತು, ವಾಪಸ್ ಬಂದ ಹೊತ್ತು, ಮಾಡಿದ ಕೆಲಸ, ಕೈಯಿಂದ ಹೋದ ದುಡ್ಡು, ಯಾರು ಹೇಳಿದ ಕೆಲಸ ಅಂತ ಗೆರೆ ಎಳೆಯಿರಿ. ಮಗುವಿನ ಹೆಸರು, ತಂದೆ ತಾಯಿ ಹೆಸರು, ಶಾಲೆಯ ಹೆಸರು ಬರೆಯಲೇಬೇಡಿ. ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74ರಲ್ಲಿ ಮಗುವಿನ ಗುರುತು ಹೊರಗೆ ಬಿಡುವುದು ಅಪರಾಧ. ನಮ್ಮ ಹಕ್ಕಿಗಾಗಿ ಬರೆಯುವ ಪುಸ್ತಕ ಬಸ್ಸಿನಲ್ಲಿ ಕಳೆದು ಹೋದರೂ ಒಂದು ಮಗುವಿಗೆ ಅದರಿಂದ ತೊಂದರೆ ಆಗಬಾರದು.

ಒಂದು ದಿನದ ಬರಹ ಹೇಗಿರಬೇಕು ಅಂತ ತೋರಿಸುತ್ತೇನೆ. ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಕಷ್ಟದಲ್ಲಿರುವ ಮಕ್ಕಳ ಬಗ್ಗೆ ಆದೇಶ ಮಾಡುವ ಮಕ್ಕಳ ಕಲ್ಯಾಣ ಸಮಿತಿ ಒಂದು ಹುಡುಗಿಯ ಮನೆಯ ಸ್ಥಿತಿ ನೋಡಿ ವರದಿ ಕೊಡಿ ಅಂದಿದೆ. ಮನೆ ಚಿಂಚೋಳಿ ಕಡೆಯ ತಾಂಡಾದಲ್ಲಿ.

ಬೆಳಗ್ಗೆ 7:30ಕ್ಕೆ ಮನೆ ಬಿಟ್ಟದ್ದು. 10:15ಕ್ಕೆ ಚಿಂಚೋಳಿ ನಿಲ್ದಾಣ. ತಾಂಡಾಕ್ಕೆ ಆ ಹೊತ್ತಿಗೆ ಬಸ್ಸಿಲ್ಲ, ಆಟೋ ತುಂಬುವ ತನಕ ಕಾದು 11ಕ್ಕೆ ತಲುಪಿದ್ದು. ಮನೆಗೆ ಬೀಗ. ತಾಯಿ ತೊಗರಿ ರಾಶಿಗೆ ಹೋಗಿದ್ದಾರೆ. ಅಷ್ಟರಲ್ಲಿ ಶಾಲೆಗೆ ಹೋಗಿ ಮುಖ್ಯ ಗುರುಗಳ ಹತ್ತಿರ ಹಾಜರಿ ನೋಡಿದ್ದು. ಅಂಗನವಾಡಿ ಟೀಚರ್ ಜೊತೆ ಮಾತು. 1:30ಕ್ಕೆ ಹೊಲಕ್ಕೆ ನಡೆದು ಹೋದದ್ದು. ತಾಯಿ ಲಂಬಾಣಿ ಮಾತ್ರ ಆಡುತ್ತಾರೆ, ಪಕ್ಕದ ಮನೆ ಸೊಸೆ ಕನ್ನಡಕ್ಕೆ ತಿಳಿಸಿ ಹೇಳಿದಳು. ಅಜ್ಜಿಯನ್ನು ಬೇರೆ ಕೂರಿಸಿ ಕೇಳಿದ್ದು. 3:45ಕ್ಕೆ ಹೊರಟು ಸಂಜೆ 7ಕ್ಕೆ ಮನೆ. ಆಟೋಗೆ ಹೋಗಿ ಬಂದದ್ದು ಕೈಯಿಂದ.

ಇಷ್ಟಕ್ಕೆ ಹನ್ನೊಂದೂವರೆ ತಾಸು ಆಯಿತು. ವರದಿ ಇನ್ನೂ ಬರೆದಿಲ್ಲ. ಈ ಸಾಮಾಜಿಕ ವಿಚಾರಣಾ ವರದಿ ಬರೆಯುವ ನಮೂನೆ 22 ಸುಮ್ನೆ ತುಂಬುವ ಕಾಗದ ಅಲ್ಲ. ಕುಟುಂಬದ ಪ್ರತಿಯೊಬ್ಬರ ವಿವರ, ಆದಾಯ, ಸಾಲ, ಮಗುವಿನ ಆರೋಗ್ಯ, ಓದು, ನೆರೆಹೊರೆ ಎಲ್ಲ ಬೇಕು. ಮನಸ್ಸಿಟ್ಟು ಬರೆದರೆ ಮೂರು ತಾಸು. ಪೋರ್ಟಲ್‌ಗೆ ಏರಿಸಲಿಕ್ಕೆ ಇನ್ನೊಂದು ತಾಸು. ಅಲ್ಲಿಗೆ ಒಂದು ವರದಿಗೆ ಹದಿನೈದೂವರೆ ತಾಸು.

ಈಗ ತಿಂಗಳ ಲೆಕ್ಕಕ್ಕೆ ಬನ್ನಿ. ಇಪ್ಪತ್ನಾಲ್ಕು ದಿನ, ದಿನಕ್ಕೆ ಏಳು ತಾಸು ಅಂದರೆ 168 ತಾಸು. ಬೇರೆ ಏನೂ ಮಾಡದೆ ಬರೀ ವರದಿ ಮಾಡಿದರೂ ಹನ್ನೊಂದು ಮುಟ್ಟುವುದಿಲ್ಲ. ಆದರೆ ಬೇರೆ ಕೆಲಸ ಇಲ್ಲವಾ? ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಪಡೆಯುವ ಮಕ್ಕಳ ಮನೆ ಭೇಟಿ, ಬಾಲ್ಯವಿವಾಹದ ಕರೆ, ಮಗುವನ್ನು ಬೇರೆ ಜಿಲ್ಲೆಯ ಬಾಲಮಂದಿರಕ್ಕೆ ಬಿಟ್ಟು ಬರುವುದು, ಶಾಲೆಗಳಲ್ಲಿ ಅರಿವು ಕಾರ್ಯಕ್ರಮ, ವಿಡಿಯೋ ಕಾನ್ಫರೆನ್ಸ್‌ಗೆ ಅಂಕಿ ಅಂಶ. ಅರ್ಧ ಹೊತ್ತು ಇವಕ್ಕೇ ಬೇಕು. ಉಳಿದ ಅರ್ಧದಲ್ಲಿ ಒಬ್ಬರು ಸರಿಯಾಗಿ ಮಾಡಬಹುದಾದದ್ದು ಐದು ವರದಿ.

ಅಮೆರಿಕದ ಚೈಲ್ಡ್ ವೆಲ್‌ಫೇರ್ ಲೀಗ್ ಹಾಕಿರುವ ಮಾನದಂಡದಲ್ಲಿ ವಿಚಾರಣೆ ಮಾಡುವ ಒಬ್ಬ ಕಾರ್ಯಕರ್ತರ ಕೈಯಲ್ಲಿ ತಿಂಗಳಿಗೆ 12ಕ್ಕಿಂತ ಹೆಚ್ಚು ಕೇಸ್ ಇರಬಾರದು ಅಂತಿದೆ. ವಿಚಾರಣೆ ಮುಗಿದ ಮೇಲೆ ಕುಟುಂಬಕ್ಕೆ ಸೇವೆ ಮುಂದುವರಿಸುವವರಿಗೆ 17 ಕುಟುಂಬ. ಅಲ್ಲಿ ಕಾರ್ಯಕರ್ತರು ಕಾರಿನಲ್ಲಿ ಓಡಾಡುತ್ತಾರೆ. ನಮ್ಮಲ್ಲಿ ಒಂದು ಘಟಕಕ್ಕೆ ಸಾಮಾಜಿಕ ಕಾರ್ಯಕರ್ತರು ಇಬ್ಬರು, ಔಟ್‌ರೀಚ್ ಇಬ್ಬರು. ಜಿಲ್ಲೆ ದೊಡ್ಡದೋ ಸಣ್ಣದೋ, ಸಾಮಾನ್ಯವಾಗಿ ಅಷ್ಟೇ. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯಲ್ಲಿ 25 ಲಕ್ಷಕ್ಕೂ ಹೆಚ್ಚು ಜನ, ಯಾದಗಿರಿಯಲ್ಲಿ 11 ಲಕ್ಷಕ್ಕೂ ಹೆಚ್ಚು. ಕಲಬುರಗಿಯಲ್ಲಿ ಈಗ ಹನ್ನೊಂದು ತಾಲ್ಲೂಕು. ಅಫಜಲಪುರದಿಂದ ಚಿಂಚೋಳಿವರೆಗೆ ಇಬ್ಬರು. ಯಾದಗಿರಿಯಲ್ಲಿ ತಾಲ್ಲೂಕು ಆರೇ ಇರಬಹುದು, ಆದರೆ 2011ರಲ್ಲಿ ಸಾಕ್ಷರತೆ ಶೇ 51.83 ಇದ್ದು ರಾಜ್ಯದಲ್ಲೇ ಕೊನೆಯಲ್ಲಿದ್ದ ಜಿಲ್ಲೆ ಅದು. ಅಲ್ಲಿ ಒಂದೊಂದು ಮನೆಯಲ್ಲಿ ಕಾಗದ ಪತ್ರ ಹೊಂದಿಸುವುದಕ್ಕೇ ಮೂರು ಸಲ ಹೋಗಬೇಕು. ಈ ಮಾತನ್ನು ಬಾಯಲ್ಲಿ ಹೇಳಿದರೆ ಗೊಣಗಿದ ಹಾಗೆ ಕೇಳುತ್ತದೆ. ಮೂರು ತಿಂಗಳ ಡೈರಿ ಕೂಡಿಸಿ ಒಂದು ಹಾಳೆಯಲ್ಲಿ ಕೊಟ್ಟರೆ ಯಾರೂ ಹಾಗನ್ನಲಾರರು.

ಯಾರು ಹೇಳಿದ ಕೆಲಸ ಅನ್ನುವ ಕಾಲಂ ಬಗ್ಗೆ ಒಂದು ಮಾತು. ನಮಗೆ ಸಂಬಂಧವೇ ಇಲ್ಲದ ಸಮೀಕ್ಷೆ, ಸಮಾರಂಭದ ತಯಾರಿ, ಬೇರೆ ಶಾಖೆಯ ಟೈಪಿಂಗ್ ನಮ್ಮ ತಲೆಗೆ ಬರುವುದು ಬಾಯಿಮಾತಲ್ಲೇ. ಜಗಳ ಬೇಡ. "ಸರ್, ತಾವು ಹೇಳಿದ ಹಾಗೆ ಇವತ್ತು ಆ ಕೆಲಸಕ್ಕೆ ಹೋಗುತ್ತಿದ್ದೇನೆ, ಸಮಿತಿ ಕೇಳಿದ ಮನೆ ಭೇಟಿ ನಾಳೆಗೆ ಹೋಗುತ್ತದೆ" ಅಂತ ಒಂದು ಮೆಸೇಜ್ ಹಾಕಿ. ವಿನಯವಾಗಿ, ಪ್ರತಿ ಸಲ. ಹೀಗೆ ಮೆಸೇಜ್ ಹೋಗಲಿಕ್ಕೆ ಶುರುವಾದ ಮೇಲೆ ಬಾಯಿಮಾತಿನ ಕೆಲಸ ಕಡಿಮೆ ಆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹೊರೆ ಇಳಿಸಲು ಕಾಯ್ದೆಯಲ್ಲೇ ಇರುವ ದಾರಿ

ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 36ನ್ನು ಒಮ್ಮೆ ಕೂತು ಓದಿ. ಸಾಮಾಜಿಕ ವಿಚಾರಣೆ ಹದಿನೈದು ದಿನದಲ್ಲಿ ಮುಗಿಯಬೇಕು, ಮಗು ಮೊದಲು ಹಾಜರಾದ ದಿನದಿಂದ ನಾಲ್ಕು ತಿಂಗಳೊಳಗೆ ಸಮಿತಿ ಅಂತಿಮ ಆದೇಶ ಮಾಡಬೇಕು. ನಮಗೆ ಈ ಹದಿನೈದು ದಿನ ಮಾತ್ರ ನೆನಪಿಸುತ್ತಾರೆ. ಅದೇ ಸೆಕ್ಷನ್‌ನಲ್ಲಿ ವಿಚಾರಣೆಯನ್ನು ಸಾಮಾಜಿಕ ಕಾರ್ಯಕರ್ತರು, ಮಕ್ಕಳ ಕಲ್ಯಾಣಾಧಿಕಾರಿ ಅಥವಾ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಮಾಡಬಹುದು ಅಂತ ಇದೆ. ಅಂದರೆ ಎಲ್ಲ ವರದಿಯೂ ನಮ್ಮ ಇಬ್ಬರ ತಲೆ ಮೇಲೆಯೇ ಬೀಳಬೇಕಾಗಿಲ್ಲ. ಸಮಿತಿಯ ಅಧ್ಯಕ್ಷರ ಹತ್ತಿರ ಹೋಗಿ, ನಮ್ಮ ಕೈಯಲ್ಲಿರುವ ಕೇಸ್‌ಗಳ ಪಟ್ಟಿ ತೋರಿಸಿ, ಹಂಚಿ ಕೊಡಿ ಅಂತ ಕೇಳಬಹುದು.

ಅದೇ ಸೆಕ್ಷನ್ ಪ್ರಕಾರ ಸಮಿತಿ ಮೂರು ತಿಂಗಳಿಗೊಮ್ಮೆ ಬಾಕಿ ಪ್ರಕರಣಗಳ ವರದಿಯನ್ನು ಜಿಲ್ಲಾಧಿಕಾರಿಗೆ ಕೊಡಬೇಕು. ನಮ್ಮ ಪಾಲಿಗೆ ಇದು ದೊಡ್ಡ ಬಾಗಿಲು. ಆ ವರದಿಯಲ್ಲಿ ಬಾಕಿ ಎಷ್ಟು ಅನ್ನುವುದು ಇರುತ್ತದೆ, ಯಾಕೆ ಬಾಕಿ ಅನ್ನುವುದು ಇರುವುದಿಲ್ಲ. ನಿಮ್ಮ ಮೂರು ತಿಂಗಳ ತಾಸಿನ ಲೆಕ್ಕವನ್ನು ಒಂದು ಪುಟ ಮಾಡಿ, ಮಕ್ಕಳ ರಕ್ಷಣಾಧಿಕಾರಿಗಳ ಮೂಲಕ ಆ ವರದಿಗೆ ಲಗತ್ತಿಸಲು ಕೇಳಿ. ಬಾಕಿಯ ಕಾರಣ ಸೋಮಾರಿತನ ಅಲ್ಲ, ಕೈ ಸಾಲದು ಅನ್ನುವುದು ಆಗ ಜಿಲ್ಲಾಧಿಕಾರಿ ಮೇಜಿಗೆ ಹೋಗುತ್ತದೆ.

ಸೆಕ್ಷನ್ 107 ಇನ್ನೊಂದು. ಪ್ರತಿ ಜಿಲ್ಲೆಯ ವಿಶೇಷ ಮಕ್ಕಳ ಪೊಲೀಸ್ ಘಟಕದಲ್ಲಿ ಇಬ್ಬರು ಸಾಮಾಜಿಕ ಕಾರ್ಯಕರ್ತರಿರಬೇಕು, ಅವರಲ್ಲಿ ಒಬ್ಬರು ಮಹಿಳೆ. ನಿಮ್ಮ ಜಿಲ್ಲೆಯಲ್ಲಿ ಆ ಇಬ್ಬರು ಇದ್ದಾರಾ ಕೇಳಿ. ಇಲ್ಲದಿದ್ದರೆ ಅವರು ಮಾಡಬೇಕಾದದ್ದನ್ನೂ ನಾವೇ ಮಾಡುತ್ತಿದ್ದೇವೆ ಅಂತ ಆಯಿತು, ಅಲ್ವಾ?

ಬಾಲ್ಯವಿವಾಹದ ವಿಷಯದಲ್ಲೂ ಹಾಗೇ. ಅಕ್ಷಯ ತೃತೀಯ ಹತ್ತಿರ ಬಂತು ಅಂದರೆ, ಸಾಮೂಹಿಕ ಮದುವೆಯ ಹಂಗಾಮು ಶುರುವಾಯಿತು ಅಂದರೆ ನಮ್ಮ ಫೋನಿಗೆ ಬಿಡುವಿಲ್ಲ. ಆದರೆ ಕಾನೂನಿನಲ್ಲಿ ಬಾಲ್ಯವಿವಾಹ ನಿಷೇಧಾಧಿಕಾರಿಗಳು ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ), ತಹಶೀಲ್ದಾರ್, ಪಿಡಿಒ ಮುಂತಾದವರು. ನಮ್ಮ ಕೆಲಸ ಮಗುವಿನ ಜೊತೆ ನಿಲ್ಲುವುದು, ಸಮಿತಿಗೆ ಕರೆತರುವುದು, ಮುಂದೆ ಓದಿಸುವ ದಾರಿ ಮಾಡುವುದು. ಮಂಟಪಕ್ಕೆ ಹೋಗಿ ತಡೆಯುವ ಜವಾಬ್ದಾರಿಯನ್ನು ಹಂಗಾಮಿಗೆ ಮುಂಚೆಯೇ ತಾಲ್ಲೂಕುವಾರು ಹೆಸರು, ಫೋನ್ ನಂಬರ್ ಸಹಿತ ಹಂಚಿಸಿಕೊಳ್ಳಿ. ಮಾರ್ಚ್‌ನಲ್ಲಿ ಒಂದು ಸಭೆ ಮಾಡಿಸಿದರೆ ಏಪ್ರಿಲ್, ಮೇ ತಿಂಗಳಲ್ಲಿ ಉಸಿರಾಡಬಹುದು. ಶಹಾಪುರ, ಸುರಪುರ ಕಡೆಯವರಿಗೆ ಹತ್ತಿ ಬಿಡಿಸುವ ಕಾಲದ್ದೇ ಬೇರೆ ಹೊರೆ. ಶಾಲೆ ಬಿಟ್ಟ ಮಕ್ಕಳ ಪಟ್ಟಿ ಆಗಲೇ ಉದ್ದ ಆಗುತ್ತದೆ. ಗುಳೆ ಹೋದ ಮನೆಗಳಿಗೆ ಹೋಗಿ ಬೀಗ ನೋಡಿ ವಾಪಸ್ ಬಂದ ಭೇಟಿಗಳನ್ನೂ ಡೈರಿಯಲ್ಲಿ ಬರೆಯಿರಿ. ಮನೆಯವರು ಸಿಗದ ಭೇಟಿಯೂ ಭೇಟಿಯೇ.

ಓಡಾಟದ ಖರ್ಚು

2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಮಹಿಳಾ ಕಾರ್ಯಕರ್ತರಿಗೆ ಬಸ್ಸಿನ ಖರ್ಚು ಇಲ್ಲ. ಅದರಿಂದ ಒಂದು ಹೊಸ ತೊಂದರೆ ಆಗಿದೆ. "ನಿಮಗೆ ಬಸ್ ಫ್ರೀ ಇದೆಯಲ್ಲಮ್ಮ, ಬಿಲ್ ಯಾಕೆ" ಅನ್ನುತ್ತಾರೆ. ಬಸ್ ಇಳಿದ ಮೇಲೆ ತಾಂಡಾಕ್ಕೆ, ಹೊಲಕ್ಕೆ, ಕ್ವಾರಿಗೆ ಹೋಗುವುದು ಹೇಗೆ? ಆ ಕೊನೆಯ ಏಳೆಂಟು ಕಿಲೋಮೀಟರಿಗೇ ಆಟೋದವನು ದಿನದ ಊಟದಷ್ಟು ತೆಗೆದುಕೊಳ್ಳುತ್ತಾನೆ.

ಶೂನ್ಯ ದರದ ಟಿಕೆಟನ್ನು ಎಸೆಯಬೇಡಿ. ನೀವು ಆ ದಿನ ಆ ಊರಿಗೆ ಹೋಗಿದ್ದಕ್ಕೆ ಅದೇ ಸಾಕ್ಷಿ. ಆ ಕಾಗದದ ಅಕ್ಷರ ಬಿಸಿಲಿಗೆ ಎರಡು ವಾರದಲ್ಲಿ ಮಾಸುತ್ತದೆ, ಹಾಗಾಗಿ ಇಳಿದ ತಕ್ಷಣ ಮೊಬೈಲಲ್ಲಿ ಫೋಟೋ ತೆಗೆಯಿರಿ. ಆಟೋಗೆ ಒಂದು ಸಣ್ಣ ಚೀಟಿ ಪುಸ್ತಕ ಇಟ್ಟುಕೊಳ್ಳಿ. ಎಲ್ಲಿಂದ ಎಲ್ಲಿಗೆ, ಎಷ್ಟು, ಗಾಡಿ ನಂಬರ್, ಚಾಲಕನ ಸಹಿ. ಫೋನ್‌ಪೇ ಮಾಡಿದರೆ ಇನ್ನೂ ಒಳ್ಳೆಯದು, ದಿನಾಂಕ ಸಮೇತ ದಾಖಲೆ ಉಳಿಯುತ್ತದೆ. ತಿಂಗಳ ಬಿಲ್ಲನ್ನು ಮುಂದಿನ ತಿಂಗಳ ಐದರೊಳಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಆರು ತಿಂಗಳದ್ದು ಒಟ್ಟಿಗೆ ಕೊಟ್ಟರೆ ವಾಪಸ್ ಬರುತ್ತದೆ. ಬೇಕಾದರೆ ಲೆಕ್ಕಿಗರ ಪಕ್ಕ ಕೂತು ನಮೂನೆ ಕಲಿಯಿರಿ. ಅವರೂ ನಮ್ಮ ಹಾಗೆ ಗುತ್ತಿಗೆಯವರೇ, ಹೇಳಿಕೊಡುತ್ತಾರೆ.

ಗೌರವಧನ ತಡವಾದರೆ ಮೊದಲು ಒಂದೇ ಪ್ರಶ್ನೆ ಕೇಳಿ: ಅನುದಾನ ಬಂದಿಲ್ಲವಾ, ಬಂದೂ ಬಿಲ್ ಹೋಗಿಲ್ಲವಾ? ಬಾಯಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು, ಇಲ್ಲದಿದ್ದರೆ ಮೇಲ್ಮನವಿ. "ಈ ಆರ್ಥಿಕ ವರ್ಷದಲ್ಲಿ ಮಿಷನ್ ವಾತ್ಸಲ್ಯ ಯೋಜನೆಯಡಿ ಘಟಕದ ಸಿಬ್ಬಂದಿ ವೇತನಕ್ಕೆ ಬಿಡುಗಡೆಯಾದ ಮೊತ್ತ ಮತ್ತು ದಿನಾಂಕ, ಪಾವತಿ ಮಾಡಿದ ದಿನಾಂಕ ನೀಡಿ" ಅಂತ ಬರೆದರೆ ಸಾಕು. ಖಾಲಿ ಹುದ್ದೆಗೆ ಬೇರೆ ಅರ್ಜಿ, ತರಬೇತಿ ಹಣಕ್ಕೆ ಬೇರೆ ಅರ್ಜಿ. ನಿಮ್ಮ ಹೆಸರಲ್ಲಿ ಹಾಕಲು ಭಯ ಅನ್ನಿಸಿದರೆ ಯಾವ ನಾಗರಿಕರು ಬೇಕಾದರೂ ಹಾಕಬಹುದು.

ಕೋರ್ಟಿನ ಮಾತು ಚುಟುಕಾಗಿ. ಕಾಯಂ ಮಾಡುವುದು ಗುತ್ತಿಗೆಯವರ ಹಕ್ಕಲ್ಲ ಅಂತ 2006ರಲ್ಲಿ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದು ನಮ್ಮ ರಾಜ್ಯದ್ದೇ ಪ್ರಕರಣ. ಆದರೆ ಅದೇ ಕೆಲಸ ಮಾಡುವ ತಾತ್ಕಾಲಿಕ ನೌಕರರಿಗೆ ಕಾಯಂ ಹುದ್ದೆಯ ಕನಿಷ್ಠ ವೇತನ ಕೊಡಬೇಕು ಅಂತ 2016ರಲ್ಲಿ ಜಗಜಿತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ವರ್ಷಗಟ್ಟಲೆ ದುಡಿಸಿಕೊಂಡು ತಾತ್ಕಾಲಿಕ ಅಂತಲೇ ಇಡುವುದು ಸರಿಯಲ್ಲ ಅಂತ 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲೂ ಹೇಳಿದೆ. ನಮ್ಮದು ಯೋಜನೆಯ ಹುದ್ದೆ, ಎಲ್ಲ ತೀರ್ಪೂ ನೇರವಾಗಿ ಅನ್ವಯ ಆಗದೆ ಇರಬಹುದು. ಕಲಬುರಗಿಯಲ್ಲೇ ಹೈಕೋರ್ಟ್ ಪೀಠ ಇದೆ. ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಹೋಗುವುದಿದ್ದರೆ ಒಬ್ಬರೇ ಹೋಗಬೇಡಿ, ಡೈರಿ ಹಿಡಿದು ಗುಂಪಾಗಿ ಹೋಗಿ.

ಹೆರಿಗೆ ರಜೆಯನ್ನು ಮಾತ್ರ ಯಾರೂ ಬಿಟ್ಟುಕೊಡಬೇಡಿ. 26 ವಾರ ಸಂಬಳ ಸಹಿತ ರಜೆ ಗುತ್ತಿಗೆಯವರಿಗೂ ಇದೆ. ನಡುವೆ ಗುತ್ತಿಗೆ ಮುಗಿದರೂ ಆ ಸೌಲಭ್ಯ ಪೂರ್ತಿ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಏಳನೇ ತಿಂಗಳಲ್ಲಿ ಟಂಟಂ ಹತ್ತಿ ಮನೆ ಭೇಟಿಗೆ ಹೋದ ನಮ್ಮ ಹುಡುಗಿಯರನ್ನು ನೆನೆದರೆ ಇವತ್ತೂ ಹೊಟ್ಟೆ ಉರಿಯುತ್ತದೆ.

ತರಬೇತಿ ಅಂದರೆ ಯಾವುದು

ಎರಡು ದಿನ ಕೂರಿಸಿ ಕಾಯ್ದೆಯ ಸೆಕ್ಷನ್‌ಗಳನ್ನು ಪರದೆ ಮೇಲೆ ತೋರಿಸಿ, ಊಟ ಕೊಟ್ಟು ಕಳಿಸುವುದು ತರಬೇತಿಯ ಒಂದು ಪಾಲು, ಅಷ್ಟೇ. ಕಾಯ್ದೆ ಓದಿ ಕಲಿಯಬಹುದು. ಮಗುವಿನ ಮುಂದೆ ಕೂರುವುದನ್ನು ಓದಿ ಕಲಿಯಲು ಆಗುವುದಿಲ್ಲ.

ವಾಡಿ ಜಂಕ್ಷನ್ನಿನಲ್ಲೋ ಕಲಬುರಗಿ ಸ್ಟೇಷನ್ನಿನಲ್ಲೋ ಒಬ್ಬ ಹುಡುಗ ಸಿಗುತ್ತಾನೆ. ಹನ್ನೊಂದೋ ಹನ್ನೆರಡೋ ವಯಸ್ಸು. ಹೊಸ ಕಾರ್ಯಕರ್ತರು ಪೆನ್ನು ತೆಗೆದು ಮೊದಲು ಕೇಳುವುದು "ಮನೆ ಬಿಟ್ಟು ಯಾಕೆ ಬಂದಿ?" ಹುಡುಗ ತಲೆ ತಗ್ಗಿಸುತ್ತಾನೆ, ಆಮೇಲೆ ಹೆಸರೂ ಸುಳ್ಳು, ಊರೂ ಸುಳ್ಳು. ಆ ಪ್ರಶ್ನೆಯಲ್ಲಿ ತಪ್ಪು ಅವನದು ಅಂತ ಆಗಲೇ ತೀರ್ಮಾನ ಆಗಿಬಿಟ್ಟಿದೆ. ನಮ್ಮ ಹಿರಿಯ ಔಟ್‌ರೀಚ್ ಅಕ್ಕ ಒಬ್ಬರು ಪೆನ್ನು ಚೀಲದಲ್ಲೇ ಇಡುತ್ತಿದ್ದರು. ಅವನ ಎತ್ತರಕ್ಕೆ ನೆಲದ ಮೇಲೆ ಕೂರುತ್ತಿದ್ದರು, ಎದುರಿಗಲ್ಲ, ಪಕ್ಕದಲ್ಲಿ. "ಉಂಡಿ ಏನಪ್ಪಾ?" ಅನ್ನುತ್ತಿದ್ದರು. ಇಡ್ಲಿ ಬರುತ್ತಿತ್ತು. ತಿನ್ನುವಾಗ ಏನೂ ಕೇಳುತ್ತಿರಲಿಲ್ಲ. ಆಮೇಲೆ "ಯಾವ ಗಾಡಿಗೆ ಬಂದಿ? ಸೀಟು ಸಿಕ್ಕಿತ್ತಾ, ನಿಂತೇ ಬಂದಿಯಾ?" ಅಂತ. ಹುಡುಗರಿಗೆ ರೈಲಿನ ಬಗ್ಗೆ ಹೇಳುವುದು ಇಷ್ಟ. ಗಾಡಿ ಹೆಸರು ಬಂತು ಅಂದರೆ ಹತ್ತಿದ ಸ್ಟೇಷನ್ ಬರುತ್ತದೆ, ಅದರ ಹಿಂದೆ ಊರು, ಊರಿನ ಹಿಂದೆ ಅವನಿಗೆ ಹೊಡೆಯುವ ಕೈ ಯಾರದು ಅನ್ನುವುದೂ ಬರುತ್ತದೆ. 24 ತಾಸಿನಲ್ಲಿ ಸಮಿತಿ ಮುಂದೆ ಹಾಜರುಪಡಿಸಬೇಕು ಅನ್ನುವ ಅವಸರ ಅವರಿಗೂ ಇತ್ತು. ಆದರೆ ಆ ಅವಸರ ಹುಡುಗನಿಗೆ ಕಾಣುತ್ತಿರಲಿಲ್ಲ.

ನನ್ನ ಪ್ರಕಾರ ಹೊಸಬರ ಮೊದಲ ತಿಂಗಳ ತರಬೇತಿ ಅಂದರೆ ಇಂಥವರ ಹಿಂದೆ ಹೋಗಿ ಸುಮ್ಮನೆ ನೋಡುವುದು. ಒಬ್ಬರೇ ಮನೆ ಭೇಟಿಗೆ ಕಳಿಸಬಾರದು. ಇದನ್ನು ಮನವಿಯಲ್ಲಿ ಹೀಗೇ ಬರೆಯಿರಿ: ಹೊಸ ಕಾರ್ಯಕರ್ತರಿಗೆ ಮೊದಲ ತಿಂಗಳು ಸ್ವತಂತ್ರ ಕೇಸ್ ಕೊಡಬಾರದು, ಹಿರಿಯರ ಜೊತೆ ಹಾಕಬೇಕು.

ಮೇಲಿನ ಹಂತದ ತರಬೇತಿಗೆ ಹೆಸರು ಹೇಳಿ ಕೇಳಿ. ಬರೀ "ತರಬೇತಿ ಕೊಡಿ" ಅಂದರೆ ಮತ್ತೆ ಅದೇ ಪರದೆ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂವಾದ್ ಅನ್ನುವ ಕಾರ್ಯಕ್ರಮ ಇದೆ, ಕಷ್ಟದಲ್ಲಿರುವ ಮಕ್ಕಳ ಮನಸ್ಸಿನ ಆರೈಕೆ ಮತ್ತು ರಕ್ಷಣೆ ಬಗ್ಗೆಯೇ ಕಲಿಸುತ್ತಾರೆ. ಪೋಕ್ಸೊ ಪ್ರಕರಣದ ಮಗುವಿನ ಜೊತೆ ಕೆಲಸ ಮಾಡುವವರಿಗೆ ಅಂಥದ್ದು ಬೇಕೇ ಬೇಕು. ಮೊದಲು ನಿಪ್‌ಸಿಡ್ ಅಂತಿದ್ದ, 2025ರಿಂದ ಸಾವಿತ್ರಿಬಾಯಿ ಫುಲೆ ರಾಷ್ಟ್ರೀಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಂಸ್ಥೆ ಅನ್ನಿಸಿಕೊಂಡ ಕೇಂದ್ರ ಸರ್ಕಾರದ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಬೆಂಗಳೂರಲ್ಲಿದೆ. ಯಾವ ತರಬೇತಿ, ಯಾವ ತಿಂಗಳು, ಹೋದಾಗ ನಮ್ಮ ಕೆಲಸ ಯಾರು ನೋಡಿಕೊಳ್ಳುತ್ತಾರೆ ಅನ್ನುವ ಮೂರನ್ನೂ ಬರೆಯಿರಿ. ಮೂರನೆಯದನ್ನು ಬಿಟ್ಟರೆ ತರಬೇತಿಯಿಂದ ವಾಪಸ್ ಬಂದವರ ಮೇಜಿನ ಮೇಲೆ ಕಡತದ ಗುಡ್ಡ ಇರುತ್ತದೆ.

ನಮ್ಮ ಭಾಗಕ್ಕೆ ಬೇಕಾದ ಒಂದು ತರಬೇತಿ ಬೆಂಗಳೂರಿನಲ್ಲಿ ಸಿಗುವುದಿಲ್ಲ. ಅದು ಭಾಷೆ. ತಾಂಡಾಗಳಲ್ಲಿ ಲಂಬಾಣಿ, ಸೇಡಂ, ಗುರುಮಠಕಲ್ ಕಡೆ ತೆಲುಗು, ಆಳಂದ, ಔರಾದ್ ಕಡೆ ಮರಾಠಿ, ಊರೊಳಗೆ ದಖನಿ ಉರ್ದು. ಹೊಡೆತ ತಿಂದ ಮಗು ತನ್ನ ಮನೆ ಮಾತಲ್ಲೇ ಅಳುತ್ತದೆ. ದುಭಾಷಿಯಾಗಿ ಪಕ್ಕದ ಮನೆಯವರನ್ನು ಕೂರಿಸಿಕೊಂಡರೆ ಮಗುವಿನ ಗುಟ್ಟು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಲಂಬಾಣಿ ಬಲ್ಲವರಿಗೆ ನೇಮಕಾತಿಯಲ್ಲಿ ಆದ್ಯತೆ ಕೊಡಿ, ಉಳಿದವರಿಗೆ ಐವತ್ತು ನೂರು ವಾಕ್ಯ ಕಲಿಸಿ ಅಂತ ಕೇಳುವುದು ಬಹಳ ಸಣ್ಣ ಬೇಡಿಕೆ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲೂ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಸಮಾಜಕಾರ್ಯ ವಿಭಾಗ ಇದೆ. ಅವರ ಜೊತೆ ಸೇರಿ ಇಲ್ಲೇ ಪಾಠ ಮಾಡಿಸಬಹುದು. ಅಲ್ಲಿನ ಎಂಎಸ್‌ಡಬ್ಲ್ಯು ವಿದ್ಯಾರ್ಥಿಗಳು ಕ್ಷೇತ್ರ ಕಾರ್ಯಕ್ಕೆ ಬಂದರೆ ಸ್ವಾಗತಿಸಿ, ಕಲಿಸಿ. ಆದರೆ ಖಾಲಿ ಹುದ್ದೆಯ ಜಾಗಕ್ಕೆ ವಿದ್ಯಾರ್ಥಿಗಳನ್ನು ಬಳಸಿಕೊಳ್ಳುವುದನ್ನು ಒಪ್ಪಬೇಡಿ.

ಇನ್ನೊಂದು, ದುಡ್ಡಿಲ್ಲದೆ ಆಗುವಂಥದ್ದು. ತಿಂಗಳಿಗೊಂದು ಮಧ್ಯಾಹ್ನ ಎಲ್ಲರೂ ಕೂತು ಒಂದೇ ಕೇಸ್ ಬಗ್ಗೆ ಮಾತಾಡಿ. ಕಾನೂನು ಪರಿವೀಕ್ಷಣಾಧಿಕಾರಿ, ಆಪ್ತ ಸಮಾಲೋಚಕರು ಇರಲಿ. ತಪ್ಪು ಹುಡುಕುವ ಸಭೆ ಆಗಬಾರದು. ಕೆಟ್ಟ ಪ್ರಕರಣ ನೋಡಿ ಬಂದವರು ಅಲ್ಲಿ ಅತ್ತರೂ ಪರವಾಗಿಲ್ಲ. ನಿದ್ದೆ ಬಾರದಿರುವುದು, ಮನೆಯಲ್ಲಿ ಮಕ್ಕಳ ಮೇಲೆ ಸಿಟ್ಟು ಬರುವುದು ಜಾಸ್ತಿಯಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ನಾವು ಮಕ್ಕಳಿಗೆ ಹೇಳುವ ಮಾತನ್ನು ನಮಗೂ ಹೇಳಿಕೊಳ್ಳಬೇಕು.

ಮನವಿ ಬರೆಯುವುದು, ಕೊಡುವುದು

ಒಂದು ಪುಟ ಮೀರಬಾರದು. ಮೊದಲ ಸಾಲಿನಲ್ಲೇ ಅಂಕಿ ಇರಲಿ. "ಕಳೆದ ಮೂರು ತಿಂಗಳಲ್ಲಿ ಘಟಕದ ಇಬ್ಬರು ಸಾಮಾಜಿಕ ಕಾರ್ಯಕರ್ತರು ಇಷ್ಟು ತಾಸು ಕೆಲಸ ಮಾಡಿದ್ದಾರೆ. ಒಂದು ಸಾಮಾಜಿಕ ವಿಚಾರಣಾ ವರದಿಗೆ ಸರಾಸರಿ ಇಷ್ಟು ತಾಸು ಬೇಕಾಗಿದೆ. ಈ ಅವಧಿಯಲ್ಲಿ ಬಂದ ಆದೇಶ ಇಷ್ಟು, ಹದಿನೈದು ದಿನದಲ್ಲಿ ಮುಗಿಸಲು ಸಾಧ್ಯವಾದದ್ದು ಇಷ್ಟು." ಅದರ ಕೆಳಗೆ ಬೇಡಿಕೆ. ಖಾಲಿ ಹುದ್ದೆ ತುಂಬುವುದು, ತಾಲ್ಲೂಕು ಲೆಕ್ಕದಲ್ಲಿ ಹೆಚ್ಚಿನ ಕಾರ್ಯಕರ್ತರು, ತಿಂಗಳ ಐದರೊಳಗೆ ಗೌರವಧನ, ಆಟೋ ಖರ್ಚಿಗೆ ನಿಗದಿ ಭತ್ಯೆ, ಹೆಸರು ಹೇಳಿದ ತರಬೇತಿ. ಅಧಿಕಾರಿಯ ಕೈಯಲ್ಲೇ ಆಗುವುದನ್ನು ಮೇಲೆ ಬರೆಯಿರಿ, ಬೆಂಗಳೂರಿಗೆ ಹೋಗಬೇಕಾದದ್ದನ್ನು ಕೆಳಗೆ.

ಮಕ್ಕಳ ರಕ್ಷಣಾಧಿಕಾರಿಗೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಉಪನಿರ್ದೇಶಕರಿಗೆ, ಜಿಲ್ಲಾಧಿಕಾರಿಗೆ ಕೊಟ್ಟು, ಮಕ್ಕಳ ರಕ್ಷಣಾ ನಿರ್ದೇಶನಾಲಯಕ್ಕೆ ಪ್ರತಿ ಕಳಿಸಿ. ವಾಹನದ ಬೇಡಿಕೆಯನ್ನು ಬೇರೆ ಪತ್ರವಾಗಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಕೊಡಿ. ಸಂವಿಧಾನದ 371ಜೆ ವಿಧಿ ಬಂದದ್ದೇ ಈ ಭಾಗ ಹಿಂದುಳಿದಿದೆ ಅಂತ. ಆ ಹಿಂದುಳಿದಿರುವಿಕೆಯ ಭಾರ ಹೊರುತ್ತಿರುವುದು ಮಕ್ಕಳು. ಮಂಡಳಿಯ ಹಣದಲ್ಲಿ ಅವರ ಪಾಲನ್ನು ಕೇಳಲು ನಾವು ಸಂಕೋಚಪಡಬೇಕಾಗಿಲ್ಲ.

ಹೊತ್ತು ಮುಖ್ಯ. ಗುತ್ತಿಗೆ ನವೀಕರಣದ ತಲೆಬಿಸಿಯಲ್ಲಿ ಎಲ್ಲರೂ ಮಾರ್ಚ್‌ನಲ್ಲಿ ಮನವಿ ಬರೆಯುತ್ತಾರೆ. ಆಗ ಮುಂದಿನ ವರ್ಷದ ಬಜೆಟ್ ಮುಗಿದಿರುತ್ತದೆ. ದಸರೆ ಕಳೆದ ಕೂಡಲೇ ಕೊಡಿ. ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನಕ್ಕೆ ಮುಂಚೆ ನಿಮ್ಮ ಶಾಸಕರನ್ನು ಕಂಡು, ಜಿಲ್ಲಾವಾರು ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಗೌರವಧನ ಎಷ್ಟು ತಿಂಗಳು ಬಾಕಿ ಅನ್ನುವ ಪ್ರಶ್ನೆಯನ್ನು ಬರೆದೇ ಕೊಡಿ. ಸದನದಲ್ಲಿ ಪ್ರಶ್ನೆ ಬಂದರೆ ಇಲಾಖೆ ಲಿಖಿತ ಉತ್ತರ ಕೊಡಬೇಕು. ಆ ಉತ್ತರದ ಪ್ರತಿ ಮುಂದಿನ ಮನವಿಗೆ ಲಗತ್ತಾಗುತ್ತದೆ.

ಸಹಿಯ ಭಯ ನನಗೆ ಅರ್ಥ ಆಗುತ್ತದೆ. ಮೊದಲ ಹೆಸರು ಯಾರದೋ ಅವರ ಗುತ್ತಿಗೆ ಮೊದಲು ಹೋಗುತ್ತದೆ ಅಂತ ಎಲ್ಲರಿಗೂ ಅನ್ನಿಸುತ್ತದೆ. ಹಾಗಾಗಿ ಸಹಿಗಳನ್ನು ಸುತ್ತಲೂ ದುಂಡಗೆ ಹಾಕಿ, ಮೊದಲು ಕೊನೆ ಇರದ ಹಾಗೆ. ಮೂರೂ ಜಿಲ್ಲೆಯವರು ಒಂದೇ ದಿನ, ಒಂದೇ ಒಕ್ಕಣೆಯ ಮನವಿ ಕೊಡಿ. ಕೊಡಲು ನಾಲ್ಕೈದು ಜನ ಒಟ್ಟಿಗೆ ಹೋಗಿ, ನಮ್ಮ ಕೆಲಸದ ಹೊತ್ತಿನಲ್ಲಿ ಅಲ್ಲ, ರಜೆ ಹಾಕಿ ಅಥವಾ ಸಾರ್ವಜನಿಕ ಭೇಟಿಯ ವೇಳೆಯಲ್ಲಿ. ಟಪಾಲಿನಲ್ಲಿ ಮೊಹರು, ನಂಬರ್ ಹಾಕಿಸಿಕೊಂಡು ಆ ಪುಟದ ಫೋಟೋವನ್ನು ಗುಂಪಿಗೆ ಹಾಕಿ. ಒಂದು ತಿಂಗಳಲ್ಲಿ ಹಿಂಬರಹ ಬಾರದಿದ್ದರೆ ಅದೇ ಟಪಾಲು ನಂಬರ್ ಬರೆದು ನೆನಪೋಲೆ ಕೊಡಿ, ಅದರ ಜೊತೆ ಆ ತಿಂಗಳ ತಾಸಿನ ಹೊಸ ಲೆಕ್ಕವನ್ನೂ ಸೇರಿಸಿ.